ಕಸದಿಂದ ರಸವೋ, ರಸದಿಂದ ಕಸವೋ?

ಧಾರವಾಡ ಜಿಲ್ಲೆ ಎಂದೊಡನೆ ನವಲಗುಂದ, ಅಣ್ಣಿಗೇರಿಗಳ ಎರೆಹೊಲಗಳು ಹೆಚ್ಚಿನವರ ಕಣ್ಣಿಗೆ ಕಟ್ಟುತ್ತವೆ. ಅದೇ ಜಿಲ್ಲೆಯ ಕಲಘಟಗಿ ತಾಲೂಕು ಮಾತ್ರ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಕಾಡಿಗೆ ತಾಗಿಕೊಂಡಿರುವ ಅರೆಮಲೆನಾಡು. ಬಸವಣ್ಣನ ಗುಡಿಗೆ ಹೆಸರಾದ ತಂಬೂರ ಈ ತಾಲೂಕಿನ ಊರು. ಇಂಥ ಊರಿನ ಯಾವುದೇ ಕಿರಾಣಿ ಅಂಗಡಿಯ ಹಿಂಬದಿಯಲ್ಲಿ ಇಂದು ಕಾಣುವುದು ರಟ್ಟಿನ ಪೆಟ್ಟಿಗೆಗಳ ರಾಶಿ. ಬಿಸ್ಕತ್ತು, ಸಾಬೂನು, ಎಣ್ಣೆಯ ಪಾಕೀಟು, ಚಹಾಪುಡಿ ಎಲ್ಲವೂ ರಟ್ಟಿನಲ್ಲಿಯೇ ಬರುತ್ತವೆ. ಮಾವಿನ ಸುಗ್ಗಿಯಲ್ಲಿ ಆಪೂಸು ಹಣ್ಣು ರಟ್ಟಿನಲ್ಲಿಯೇ ಪೇಟೆಗೆ ಹೋಗುತ್ತದೆ. ಈಚಿನ ವರ್ಷಗಳಲ್ಲಿ ಮೊಬೈಲಿನಲ್ಲಿ ತರಿಸಿದ ಸಾಮಾನುಗಳೂ ರಟ್ಟಿನೊಳಗೆ ಕುಳಿತು ಹಳ್ಳಿಯ ಮನೆಬಾಗಿಲಿಗೆ ಬರತೊಡಗಿವೆ. ಸಾಮಾನು ಒಳಗೆ ಹೋಗುತ್ತದೆ, ಪೆಟ್ಟಿಗೆ ಹೊರಗೆ ಉಳಿಯುತ್ತದೆ.

ಹೀಗೆ ಉಳಿದ ಪೆಟ್ಟಿಗೆಗಳಿಗೆ ಬಣ್ಣದ ಕಾಗದ ಹಚ್ಚಿ, ಖಾನೆಗಳನ್ನು ಮಾಡಿ, ಪುಸ್ತಕ, ಸೂಜಿದಾರ, ಔಷಧ, ಬಳೆ, ಪೆನ್ನುಗಳನ್ನು ಜೋಡಿಸಿಡುವ ಚೆಂದದ ಸಾಧನಗಳನ್ನಾಗಿ ಮಾರ್ಪಡಿಸುವ ಹವ್ಯಾಸ ಎಲ್ಲೆಡೆ ಹರಡಿದೆ. ಶಾಲೆಗಳಲ್ಲಿ ಇದಕ್ಕೆ ‘ಕಸದಿಂದ ರಸ’ ಎಂಬ ಹೆಸರಿನಲ್ಲಿ ಸ್ಪರ್ಧೆಗಳು ನಡೆಯುತ್ತವೆ. ಮಹಿಳಾ ಸಂಘಗಳ ತರಬೇತಿಗಳಲ್ಲಿಯೂ ಇದು ಸೇರಿಕೊಂಡಿದೆ. ಹವ್ಯಾಸದಲ್ಲಿ ತಪ್ಪಿಲ್ಲ. ಬಿಸಾಡುವ ವಸ್ತುವಿಗೆ ಇನ್ನೊಂದು ಬಾಳು ಕೊಡುವುದು ಈ ನಾಡಿನ ಹೆಂಗಸರಿಗೆ ಯಾರೂ ಕಲಿಸಬೇಕಾದ ವಿದ್ಯೆಯೂ ಅಲ್ಲ. ಆದರೆ ಇಂದು ಇದು ನಡೆಯುತ್ತಿರುವ ರೀತಿಯಲ್ಲಿ, ಮಣ್ಣಿಗೆ ಮರಳಬಲ್ಲ ವಸ್ತುವೊಂದನ್ನು ಎಂದೂ ಮರಳದಂತೆ ಮಾಡಿ, ಅದಕ್ಕೆ ಬಹುಮಾನ ಕೊಡಲಾಗುತ್ತಿದೆ. ಪೆಟ್ಟಿಗೆಯನ್ನು ಎಷ್ಟು ಚೆಂದ ಮಾಡಲಾಯಿತು ಎಂಬ ಪ್ರಶ್ನೆಯಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆಯಿದೆ. ಆ ಚೆಂದ ಹಳತಾದ ದಿನ ಪೆಟ್ಟಿಗೆ ಎಲ್ಲಿಗೆ ಹೋಗುತ್ತದೆ?

ಈ ಪ್ರಶ್ನೆಗೆ ಉತ್ತರ ಬೇಕಾದರೆ ರಟ್ಟು ಎಂದರೆ ಏನೆಂದು ತಿಳಿದಿರಬೇಕು. ಪೆಟ್ಟಿಗೆಯ ಗೋಡೆಯನ್ನು ಅಡ್ಡ ಕತ್ತರಿಸಿ ನೋಡಿದರೆ ಎರಡು ಚಪ್ಪಟೆ ಹಾಳೆಗಳ ನಡುವೆ ಅಲೆಯಲೆಯಾಗಿ ಮಡಿಸಿದ ಇನ್ನೊಂದು ಹಾಳೆ ಕಾಣುತ್ತದೆ. ಹೀಗೆ ಅಲೆಯಾಗಿ ಮಡಿಸಿದ ಕಾಗದಕ್ಕೆ ಮೊದಲ ಹಕ್ಕುಸ್ವಾಮ್ಯ ದೊರೆತದ್ದು 1856ರಲ್ಲಿ, ಇಂಗ್ಲೆಂಡಿನಲ್ಲಿ. ಅಲ್ಲಿನ ಗಂಡಸರ ಎತ್ತರದ ಟೋಪಿಗಳಿಗೆ ಒಳಪದರವಾಗಿ ಅದು ಬಳಕೆಯಾಗುತ್ತಿತ್ತು. 1871ರಲ್ಲಿ ಅಮೆರಿಕದಲ್ಲಿ ಗಾಜಿನ ಸಾಮಾನು ಒಡೆಯದಂತೆ ಸುತ್ತುವುದಕ್ಕೆ ಅದೇ ಕಾಗದ ಬಂತು. ಅಲೆಗಳು ಸಾಲುಗಂಬಗಳಂತೆ ನಿಂತು ಭಾರ ಹೊರುತ್ತವೆ. ಆದುದರಿಂದಲೇ ತೆಳ್ಳಗಿನ ಕಾಗದದಿಂದಾದ ಪೆಟ್ಟಿಗೆಯ ಮೇಲೆ ಹತ್ತು ಪೆಟ್ಟಿಗೆ ಪೇರಿಸಿದರೂ ಅದು ಕುಸಿಯುವುದಿಲ್ಲ. ಈ ಹಾಳೆಗಳನ್ನು ಒಂದಕ್ಕೊಂದು ಹಿಡಿದಿಡುವುದು ಪಿಷ್ಟದ ಅಂಟು, ಬಹುಮಟ್ಟಿಗೆ ಗೋವಿನಜೋಳದ ಪಿಷ್ಟ. ಕಲಘಟಗಿಯ ರೈತ ಬೆಳೆದು ಮಾರಿದ ಗೋವಿನಜೋಳವೇ ಅಂಟಿನ ರೂಪದಲ್ಲಿ ಅವನ ಮನೆಗೆ ಮರಳಿ ಬಂದಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಹಾಳೆಗಳ ನಾರಂತೂ ಇನ್ನೂ ದೂರದ್ದು. ಭಾರತದಲ್ಲಿ ಕಂದುಬಣ್ಣದ ರಟ್ಟು ತಯಾರಾಗುವುದು ಹೆಚ್ಚಾಗಿ ಹಳೆಯ ಕಾಗದ ಮತ್ತು ಹಳೆಯ ಪೆಟ್ಟಿಗೆಗಳಿಂದ. ಅದರಲ್ಲಿ ಒಂದು ಪಾಲು ಹೊರದೇಶಗಳಿಂದ ಹಡಗಿನಲ್ಲಿ ಬಂದ ರದ್ದಿ. ಅಮೆರಿಕದ ಪೈನ್ ಮರದ ನಾರು ತಂಬೂರಿನ ಅಂಗಡಿಯ ಪೆಟ್ಟಿಗೆಯಲ್ಲಿರುವುದು ಅಸಂಭವವೇನಲ್ಲ.

ಒಟ್ಟಿನಲ್ಲಿ ರಟ್ಟು ಎಂದರೆ ಮರದ ನಾರು ಮತ್ತು ಜೋಳದ ಹಿಟ್ಟು. ಎರೆಹುಳುವಿಗೂ ಗೆದ್ದಲಿಗೂ ಆಹಾರ. ಈ ನಾರನ್ನು ಐದರಿಂದ ಏಳು ಬಾರಿ ಮತ್ತೆ ಮತ್ತೆ ಕಾಗದವನ್ನಾಗಿ ಮಾಡಬಹುದು. ಅಷ್ಟರಲ್ಲಿ ಅದು ತುಂಡಾಗಿ ಕಾಗದಕ್ಕೆ ಒದಗದಷ್ಟು ಗಿಡ್ಡಾಗುತ್ತದೆ. ಆಗಲೂ ಮಣ್ಣು ಅದನ್ನು ಬೇಡವೆನ್ನುವುದಿಲ್ಲ.

ಈಗ ಸ್ಪರ್ಧೆಯ ಮೇಜಿನ ಮೇಲಿರುವ ಪೆಟ್ಟಿಗೆಯನ್ನು ನೋಡಬೇಕು. ಹೊರಮೈಗೆ ಮಿರುಗುವ ಪ್ಲಾಸ್ಟಿಕ್ ಹಾಳೆ, ಅಂಚಿಗೆ ಥರ್ಮಾಕೋಲಿನ ಹೂವು, ಮೂಲೆಗೆ ಪ್ಲಾಸ್ಟಿಕ್ ಮಣಿ, ಎಲ್ಲದರ ಮೇಲೆ ಉದುರಿಸಿದ ಮಿನುಗುಪುಡಿ. ಇವೆಲ್ಲ ಕಸವಾಗಿದ್ದವೇ? ಇಲ್ಲ. ಎಲ್ಲವನ್ನೂ ಸ್ಪರ್ಧೆಯ ಹಿಂದಿನ ಸಂಜೆ ಅಂಗಡಿಯಿಂದ ದುಡ್ಡು ಕೊಟ್ಟು ತರಲಾಗಿದೆ. ರಟ್ಟಿನ ಪೆಟ್ಟಿಗೆಯೊಂದೇ ಕಸ. ಅದರ ಮೇಲೆ ಹೊದಿಸಿದ್ದೆಲ್ಲ ಹೊಸ ಸರಕು. ಮಿನುಗುಪುಡಿ ಎಂದರೆ ಅಲ್ಯೂಮಿನಿಯಂ ಲೇಪಿಸಿದ ಪ್ಲಾಸ್ಟಿಕ್ ಹಾಳೆಯ ಚೂರು. ಉದುರಿದ ಮೇಲೆ ಅದನ್ನು ಆಯ್ದು ತೆಗೆಯುವ ಉಪಾಯವಿಲ್ಲ. ಯುರೋಪಿಯನ್ ಒಕ್ಕೂಟ 2023ರ ಅಕ್ಟೋಬರಿನಿಂದ ಬಿಡಿ ಪ್ಲಾಸ್ಟಿಕ್ ಮಿನುಗುಪುಡಿಯ ಮಾರಾಟವನ್ನು ನಿಲ್ಲಿಸಿದ್ದು ಇದೇ ಕಾರಣಕ್ಕೆ. ಥರ್ಮಾಕೋಲಿನ ಮಾತಂತೂ ಇನ್ನೂ ಸ್ಪಷ್ಟವಿದೆ. ಭಾರತದಲ್ಲಿ 2022ರ ಜುಲೈ 1ರಿಂದ ನಿಷೇಧಕ್ಕೊಳಗಾದ ಏಕಬಳಕೆಯ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಅಲಂಕಾರದ ಥರ್ಮಾಕೋಲ್ ಹೆಸರಿಸಿಯೇ ಇದೆ. ಪರಿಸರ ದಿನಾಚರಣೆಯ ಸ್ಪರ್ಧೆಯಲ್ಲಿ ನಿಷೇಧಿತ ವಸ್ತುವಿಗೆ ಬಹುಮಾನ ಸಿಗುವುದು ವಿಪರ್ಯಾಸವೆಂದು ಹೇಳಿ ಬಿಟ್ಟುಬಿಡುವ ಸಂಗತಿಯಲ್ಲ. ಮಕ್ಕಳು ಅಲ್ಲಿ ಕಲಿಯುವ ಪಾಠವೇ ತಲೆಕೆಳಗಾಗಿದೆ. ಕಸದಿಂದ ರಸ ತೆಗೆಯುವ ಬದಲು ರಸವನ್ನು ಕೊಂಡು ತಂದು ಕಸವಾಗಿಸುವುದನ್ನು ಅವರು ಕಲಿಯುತ್ತಿದ್ದಾರೆ.

ಹಳ್ಳಿಯಲ್ಲಿ ಈ ಪೆಟ್ಟಿಗೆಯ ಕೊನೆ ಎಲ್ಲಾಗುತ್ತದೆ ಎಂಬುದೂ ಎಲ್ಲರಿಗೂ ಗೊತ್ತು. ಬಚ್ಚಲ ಒಲೆಯಲ್ಲಿ. ಬರಿಯ ರಟ್ಟಾಗಿದ್ದರೆ ಅದು ಒಣಗಿದ ಕಟ್ಟಿಗೆಯಂತೆ ಉರಿದು ಹಂಡೆಯ ನೀರು ಕಾಯಿಸುತ್ತಿತ್ತು. ಹೊದಿಕೆ ಪಿವಿಸಿ ಹಾಳೆಯದ್ದಾಗಿದ್ದರೆ ಅದೇ ಒಲೆಯಿಂದ ಹೈಡ್ರೋಜನ್ ಕ್ಲೋರೈಡಿನ ಹೊಗೆ ಏಳುತ್ತದೆ, ಡಯಾಕ್ಸಿನ್‌ಗಳೂ ಹುಟ್ಟುತ್ತವೆ. ಒಲೆಯ ಮುಂದೆ ಕುಳಿತು ಉರಿ ಊದುವವರು ಮನೆಯ ಹೆಂಗಸರು ಮತ್ತು ಚಳಿ ಕಾಯಿಸುವ ಮಕ್ಕಳು. ಒಲೆಯ ಬೂದಿ ಮುಂದೆ ಪಾತ್ರೆ ತಿಕ್ಕಲು, ಬದನೆ ಗಿಡಕ್ಕೆ ಎರಚಲು, ಕಾಳಿಗೆ ಬೆರೆಸಲು ಹೋಗುತ್ತದೆ. ಮನೆಯ ಅಂದಕ್ಕೆಂದು ಮಾಡಿದ ವಸ್ತು ಇಷ್ಟು ದಾರಿಗಳಿಂದ ಮನೆಯವರ ಮೈಸೇರುತ್ತದೆ. ಒಲೆಗೆ ಹೋಗದೆ ಹಳ್ಳಕ್ಕೆ ಹೋದರೆ? ಕಲಘಟಗಿ ಸೀಮೆಯ ನೀರು ಬೇಡ್ತಿಗೆ ಇಳಿಯುತ್ತದೆ. ಬೇಡ್ತಿ ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂದು ಹೆಸರು ಬದಲಿಸಿಕೊಂಡು ಕಡಲು ಸೇರುತ್ತದೆ. ಹಳ್ಳಕ್ಕೆ ಎಸೆದ ಥರ್ಮಾಕೋಲಿನ ಹೂವು ಮಳೆಗಾಲದ ನೀರಿನಲ್ಲಿ ಇಡೀ ಘಟ್ಟವನ್ನು ಇಳಿದುಹೋಗಬಲ್ಲದು.

ಇದಕ್ಕಿಂತ ಗಂಭೀರವಾದ ಇನ್ನೊಂದು ವಿಷಯವಿದೆ. ಹಳ್ಳಿಗೆ ಬರುವ ರಟ್ಟಿನ ಪೆಟ್ಟಿಗೆಗಳಲ್ಲಿ ಒಂದಷ್ಟು ಕೀಟನಾಶಕದ ಪೆಟ್ಟಿಗೆಗಳು. ಗೋವಿನಜೋಳ, ಹತ್ತಿ, ಸೋಯಾ, ಮೆಣಸಿನಕಾಯಿ ಬೆಳೆಯುವ ಸೀಮೆಯಲ್ಲಿ ಇವು ಸಾಮಾನ್ಯ. ಗಟ್ಟಿಮುಟ್ಟಾಗಿ, ಒಳಗೆ ಬಾಟಲಿಗಳಿಗೆಂದು ಖಾನೆಗಳ ಸಮೇತ ಬರುವುದರಿಂದ ಇವು ಸಾಮಾನು ಜೋಡಿಸಲು ಹೇಳಿಮಾಡಿಸಿದಂತೆ ಕಾಣುತ್ತವೆ. ಆ ಖಾನೆಗಳೇ ಆಸೆ ಹುಟ್ಟಿಸುತ್ತವೆ. ಸಾಗಣೆಯಲ್ಲಿ ಒಂದು ಬಾಟಲಿಯ ಮುಚ್ಚಳ ಸಡಿಲವಾದರೂ ಸಾಕು, ರಟ್ಟು ಒತ್ತುಕಾಗದದಂತೆ ವಿಷವನ್ನು ಹೀರಿಕೊಂಡು ಒಣಗುತ್ತದೆ. ಕಲೆ ಕಾಣದೆ ಇರಬಹುದು, ವಾಸನೆಯೂ ಹೋಗಿರಬಹುದು. ವಿಷ ನಾರಿನಲ್ಲಿ ಕುಳಿತೇ ಇರುತ್ತದೆ. ಬಿಸಿಲಿಗೆ ಇಟ್ಟರೆ ಹೋಗುತ್ತದೆ ಎಂಬ ನಂಬಿಕೆಯನ್ನು ನೆಚ್ಚುವಂತಿಲ್ಲ. 1971ರ ಕೀಟನಾಶಕ ನಿಯಮಗಳು ಬಳಸಿದ ಪೊಟ್ಟಣಗಳನ್ನು ಮರುಬಳಕೆಗೆ ಸಿಗುವಂತೆ ಹೊರಗೆ ಬಿಡಬಾರದು, ಒಡೆದು ಜನವಸತಿಯಿಂದ ದೂರ ಹೂಳಬೇಕು ಎಂದು ಹೇಳುತ್ತವೆ. ಕೀಟನಾಶಕದ ಚೀಟಿಯ ಮೇಲೆ ವಜ್ರಾಕೃತಿಯ ಗುರುತಿರುತ್ತದೆ. ಅದರ ಕೆಳಗಿನ ತ್ರಿಕೋನ ವಿಷದ ತೀವ್ರತೆಗೆ ತಕ್ಕಂತೆ ಕೆಂಪು, ಹಳದಿ, ನೀಲಿ ಇಲ್ಲವೆ ಹಸಿರು ಬಣ್ಣದಲ್ಲಿರುತ್ತದೆ. ಪೆಟ್ಟಿಗೆಯ ಹೊರಮೈಯಲ್ಲಿ ಸರಕಿನ ಹೆಸರೂ ಅಚ್ಚಾಗಿರುತ್ತದೆ. ಅಲಂಕಾರದ ಕಾಗದ ಮೊದಲು ಮುಚ್ಚಿಹಾಕುವುದು ಈ ಎಚ್ಚರಿಕೆಯನ್ನೇ. ಒಮ್ಮೆ ಮುಚ್ಚಿದ ಮೇಲೆ ಅದು ಬಿಸ್ಕತ್ತಿನ ಪೆಟ್ಟಿಗೆಯೋ ವಿಷದ ಪೆಟ್ಟಿಗೆಯೋ ತಿಳಿಯುವ ದಾರಿಯಿಲ್ಲ. ಅದರಲ್ಲಿ ಕೂಸಿನ ಅಂಗಿ, ಟೋಪಿಗಳನ್ನು ಇಡುವ ತಾಯಿಗೆ ಅದು ಗೊತ್ತಾಗುವುದಾದರೂ ಹೇಗೆ? ಶಾಲೆಗೆ ರಟ್ಟು ತರಲು ಹೇಳುವ ಶಿಕ್ಷಕರು ಕತ್ತರಿ ಕೈಗೆ ಕೊಡುವ ಮುನ್ನ ಪ್ರತಿ ಪೆಟ್ಟಿಗೆಯ ಹೊರಮೈ ಓದಿಸಬೇಕು. ಏನಿತ್ತೆಂದು ತಿಳಿಯದ ಪೆಟ್ಟಿಗೆಯನ್ನು ಬಳಸಲೇಬಾರದು.

ಅನುಮಾನವಿಲ್ಲದ ಪೆಟ್ಟಿಗೆಗೂ ಒಂದು ಮಿತಿಯಿದೆ. ಹಳೆಯ ಕಾಗದದಿಂದಾದ ರಟ್ಟಿನಲ್ಲಿ ಮುದ್ರಣ ಶಾಯಿಯ ಎಣ್ಣೆಯ ಅಂಶ ಉಳಿದಿರುತ್ತದೆ. ಅದು ಆಹಾರಕ್ಕೆ ದಾಟಬಲ್ಲದು. ಆದುದರಿಂದ ಹಿಟ್ಟು, ಕಾಳು, ಒಣ ತಿಂಡಿಗಳನ್ನು ನೇರವಾಗಿ ರಟ್ಟಿಗೆ ಸುರಿಯಬಾರದು. ಬಿತ್ತನೆಯ ಬೀಜಕ್ಕೂ ರಟ್ಟು ತಕ್ಕುದಲ್ಲ. ಅದು ಮಳೆಗಾಲದ ಗಾಳಿಯ ತೇವವನ್ನು ಎಳೆದುಕೊಂಡು ಬೀಜದ ಮೊಳೆಯುವ ಶಕ್ತಿಯನ್ನು ಕುಂದಿಸುತ್ತದೆ. ಬೀಜಕ್ಕೆ ಇಂದಿಗೂ ಬೂದಿ, ಲಕ್ಕಿಸೊಪ್ಪು ಹಾಕಿ ಬಾಯಿ ಕಟ್ಟಿದ ಗಡಿಗೆಯೇ ಲೇಸು. ಮಾವಿನ ಪೆಟ್ಟಿಗೆಯ ಗಾಳಿರಂಧ್ರಗಳು ಮಾತ್ರ ಉಳ್ಳಾಗಡ್ಡಿ, ಬಳ್ಳೊಳ್ಳಿಗಳಿಗೆ ಒಳ್ಳೆಯವು. ಬೇಸಿಗೆಯ ಮಟ್ಟಿಗೆ ಅದು ನಡೆಯುತ್ತದೆ.

ಗಡಿಗೆಯ ಮಾತು ಬಂದಾಗ ಇನ್ನೊಂದು ಸಂಗತಿಯನ್ನು ಹೇಳದೆ ಇರಲಾಗದು. ಸಾಮಾನು ಜೋಡಿಸಿಡುವ ಸಮಸ್ಯೆ ಹಳೆಯ ಮನೆಗಳಿಗೆ ಇರಲಿಲ್ಲವೇ? ಇತ್ತು. ಅದಕ್ಕೆ ಉತ್ತರ ಗೋಡೆಯಲ್ಲಿಯೇ ಇತ್ತು. ದಪ್ಪ ಮಣ್ಣಿನ ಗೋಡೆಯಲ್ಲಿ ಗೂಡುಗಳಿದ್ದವು. ಅಡಿಗೆಮನೆಯಲ್ಲಿ ನೆಲುವು ತೂಗುತ್ತಿತ್ತು. ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿದ ಅಡಕಲಗಡಿಗೆಗಳಲ್ಲಿ ಬೇಳೆಯಿಂದ ಹಿಡಿದು ಗೃಹಿಣಿಯ ಗುಟ್ಟಿನ ದುಡ್ಡಿನವರೆಗೆ ಎಲ್ಲವೂ ಇರುತ್ತಿದ್ದವು. ಮೇದಾರರ ಬುಟ್ಟಿ, ಮೊರಗಳು ಉಳಿದುದನ್ನು ಹೊತ್ತುಕೊಳ್ಳುತ್ತಿದ್ದವು. ಸಿಮೆಂಟಿನ ತೆಳುಗೋಡೆಗಳ ಮನೆಗಳು ಬಂದಾಗ ಗೂಡು ಹೋಯಿತು. ಮಾಡಿನ ಜಂತಿ ಹೋದ ಮೇಲೆ ನೆಲುವಿಗೆ ಜಾಗವಿಲ್ಲವಾಯಿತು. ಸರಕಾರದ ಆಶ್ರಯ ಯೋಜನೆಯ ಪುಟ್ಟ ಮನೆಯಲ್ಲಿ ಐದು ಜನರ ಸಂಸಾರ ತನ್ನ ಪಾಸ್‌ಪುಸ್ತಕ, ಪಹಣಿ, ಮಕ್ಕಳ ಪಠ್ಯ, ಅಜ್ಜನ ಗುಳಿಗೆಗಳನ್ನು ಎಲ್ಲಿಡಬೇಕು? ಹೀಗೆ ನೋಡಿದರೆ ರಟ್ಟಿನ ಜೋಡಿಕೆಪೆಟ್ಟಿಗೆ ಪೇಟೆಯವರ ಶೋಕಿಯಷ್ಟೇ ಅಲ್ಲ, ಗೂಡು ಕಳೆದುಕೊಂಡ ಮನೆಯ ನಿಜವಾದ ಅಗತ್ಯವೂ ಹೌದು. ಪೇಟೆಯಿಂದ ಪ್ಲಾಸ್ಟಿಕ್ ರ‍್ಯಾಕು ಕೊಳ್ಳುವುದಕ್ಕಿಂತ ಅದು ಎಷ್ಟೋ ಮೇಲು.

ಆದರೆ ಗೂಡಿನ ಜಾಗಕ್ಕೆ ರಟ್ಟು ಬರಬಹುದೇ ಹೊರತು ಬುಟ್ಟಿಯ ಜಾಗಕ್ಕೆ ಬರಬಾರದು. ಇದಕ್ಕೊಂದು ಚರಿತ್ರೆಯಿದೆ. ಕಲಘಟಗಿಯಿಂದ ಹಳಿಯಾಳದ ಕಾಡು ದಾಟಿದರೆ ದಾಂಡೇಲಿ. ಅಲ್ಲಿನ ವೆಸ್ಟ್ ಕೋಸ್ಟ್ ಪೇಪರ್ ಮಿಲ್ 1959ರಲ್ಲಿ ಕಾಗದ ತಯಾರಿಸಲು ಆರಂಭಿಸಿದ್ದು ಉತ್ತರ ಕನ್ನಡದ ಬಿದಿರನ್ನು ನಂಬಿ. ಸರಕಾರ ಆ ಬಿದಿರನ್ನು ಕಾರ್ಖಾನೆಗೆ ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಟ್ಟಿತೆಂದು ಮಾಧವ ಗಾಡ್ಗೀಳರು ದಾಖಲಿಸಿದ್ದಾರೆ. ಅದೇ ಬಿದಿರಿಗೆ ಬುಟ್ಟಿ ಹೆಣೆಯುವವರು ಪೇಟೆಯ ಬೆಲೆ ತೆರಬೇಕಾಗಿತ್ತು. ಬಿದಿರಿನ ಮೆಳೆಗಳು ಬರಿದಾದವು. ಮೇದಾರರ ಕೈ ಖಾಲಿಯಾಯಿತು. ಗಾಡ್ಗೀಳರು ಎಪ್ಪತ್ತರ ದಶಕದಲ್ಲಿ ಕರ್ನಾಟಕದ ಬಿದಿರಿನ ಅಧ್ಯಯನಕ್ಕೆ ತೊಡಗಿದ್ದಕ್ಕೆ ಬುಟ್ಟಿ ಹೆಣೆಯುವವರ ಈ ದೂರೇ ಹಿನ್ನೆಲೆ. ಮುಂದೆ ನೀಲಗಿರಿಯ ಸರದಿ ಬಂತು. ಅಂದಿನ ಧಾರವಾಡ ಜಿಲ್ಲೆಯ, ಇಂದಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಜನರು ಸಾಮುದಾಯಿಕ ಭೂಮಿಯಲ್ಲಿ ನೆಟ್ಟಿದ್ದ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ಹಚ್ಚಿದರು. ಸಮಾಜ ಪರಿವರ್ತನ ಸಮುದಾಯ ಮುನ್ನಡೆಸಿದ ಆ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹದ ಎದುರಾಳಿಯಾಗಿದ್ದ ಕರ್ನಾಟಕ ಪಲ್ಪ್‌ವುಡ್ ಕಂಪನಿ 1991ರಲ್ಲಿ ಮುಚ್ಚಿತು. ಅದು ಬೆಳೆಸಹೊರಟದ್ದು ಕಾಗದಕ್ಕಲ್ಲ, ರೇಯಾನ್ ನೂಲಿನ ತಿರುಳಿಗೆ. ಆದರೆ ಗೋಮಾಳ ಕಳೆದುಕೊಂಡ ದನಗಾಹಿಗೆ ತಿರುಳು ಯಾವುದಕ್ಕಾದರೇನು?

ಇಂದಿನ ಕಂದುರಟ್ಟು ಬಹುಪಾಲು ರದ್ದಿಯಿಂದಲೇ ಆದದ್ದೆಂಬುದನ್ನು ಮೊದಲೇ ಹೇಳಿದೆ. ಆದುದರಿಂದ ಪ್ರತಿ ಪೆಟ್ಟಿಗೆಯಲ್ಲೂ ಕಾಡಿನ ಶವವನ್ನು ಕಾಣುವುದು ನ್ಯಾಯವಲ್ಲ. ಆದರೂ ಬುಟ್ಟಿಯಾಗಬಹುದಾಗಿದ್ದ ಬಿದಿರು ಒಂದು ಕಾಲಕ್ಕೆ ತಿರುಳಾಗಿ ಹೋಯಿತು. ಈಗ ಅದೇ ಸೀಮೆಯಲ್ಲಿ ರಟ್ಟನ್ನು ಕತ್ತರಿಸಿ, ಹೆಣೆದಂತೆ ಕಾಣುವ ಹಾಗೆ ಬಣ್ಣ ಬಳಿದು, ಅದಕ್ಕೆ ಬುಟ್ಟಿ ಎಂದು ಹೆಸರಿಡುವುದು ಸೊಗಸಾದ ಕೆಲಸವೆನಿಸದು. ಬುಟ್ಟಿ ಬೇಕಾದವರು ಕಲಘಟಗಿಯ ಸಂತೆಯಲ್ಲಿ ಬುಟ್ಟಿಯನ್ನೇ ಕೊಳ್ಳಲಿ. ಅದು ರಟ್ಟಿಗಿಂತ ಹೆಚ್ಚು ವರ್ಷ ಬಾಳುತ್ತದೆ, ಹೆಣೆದವರ ಒಲೆಯೂ ಉರಿಯುತ್ತದೆ.

ಹಾಗಾದರೆ ರಟ್ಟನ್ನು ಚೆಂದ ಮಾಡುವುದು ಹೇಗೆ? ಇದಕ್ಕೆ ಹೊರಗಿನ ಮಾದರಿಗಳು ಬೇಕಿಲ್ಲ. ಹರಿದ ಸೀರೆ, ಧೋತರಗಳ ಚೂರುಗಳಿಂದ ಕೌದಿ ಹೊಲಿಯುವ ಸೀಮೆ ಇದು. ಕೌದಿಯಲ್ಲಿ ಹೊಸದಾಗಿ ಕೊಂಡದ್ದು ದಾರವೊಂದೇ. ಚೆಂದ ಬರುವುದು ಚೂರುಗಳನ್ನು ಹೊಂದಿಸುವ ಕಣ್ಣಿನಿಂದ. ಹಳೆಯ ಕಾಗದವನ್ನು ನೀರಿನಲ್ಲಿ ನೆನೆಹಾಕಿ, ಮೆಂತ್ಯದ ಹಿಟ್ಟಿನೊಡನೆ ರುಬ್ಬಿ, ಪಾತ್ರೆಯ ಬೆನ್ನಿಗೆ ಮೆತ್ತಿ ಒಣಗಿಸಿ ಬುಟ್ಟಿ ಮಾಡುವ ರೂಢಿ ಇತ್ತೀಚಿನವರೆಗೂ ಮನೆಮನೆಗಳಲ್ಲಿ ಇತ್ತು. ಮೆಂತ್ಯ ಅಂಟೂ ಆಗುತ್ತಿತ್ತು, ಹುಳುವನ್ನೂ ದೂರವಿಡುತ್ತಿತ್ತು. ಕೊಪ್ಪಳದ ಕಿನ್ನಾಳದ ಚಿತ್ರಗಾರರು ಚಿಂದಿಬಟ್ಟೆಯ ಪುಡಿ, ಕಟ್ಟಿಗೆಯ ಹೊಟ್ಟುಗಳನ್ನು ಹುಣಸೆಬೀಜದ ಅಂಟಿನಲ್ಲಿ ಕಲಸಿ ‘ಕಿಟ್ಟ’ ಮಾಡಿ ಗೊಂಬೆಗಳಿಗೆ ಬಳಸುತ್ತಾರೆ. ಕಲಘಟಗಿಯ ಹೆಸರನ್ನು ಊರೂರಿಗೆ ಒಯ್ದ ಬಣ್ಣದ ತೊಟ್ಟಿಲಿನ ಹೊಳಪು ಅರಗಿನದು, ಪ್ಲಾಸ್ಟಿಕ್ಕಿನದಲ್ಲ. ಘಟ್ಟದ ಮೇಲೆ ಸಾಗರ ಸೀಮೆಯ ದೀವರ ಹೆಂಗಸರು ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳುಪಿನಲ್ಲಿ ಪುಂಡಿನಾರಿನ ಕುಂಚದಿಂದ ಹಸೆಚಿತ್ತಾರ ಬರೆಯುತ್ತಾರೆ. ಇಷ್ಟು ಸಾಮಗ್ರಿ ಕೈಯಳತೆಯಲ್ಲಿರುವಾಗ ಮಿನುಗುಪುಡಿಯ ಪೊಟ್ಟಣಕ್ಕೆ ಕೈಚಾಚುವುದು ಬಡತನವಲ್ಲ, ಮರೆವು.

ಕೆಲಸದ ಕ್ರಮವೂ ಸರಳವಾಗಿದೆ. ಪೆಟ್ಟಿಗೆಯ ಪ್ಲಾಸ್ಟಿಕ್ ಪಟ್ಟಿ, ತಂತಿಯ ಪಿನ್ನುಗಳನ್ನು ಮೊದಲೇ ಕಿತ್ತು ಬೇರೆಯಿಡಬೇಕು. ಪೆಟ್ಟಿಗೆ ಹಳತಾದ ಮೇಲೆ ಯಾರೂ ಆ ಗೋಜಿಗೆ ಹೋಗುವುದಿಲ್ಲ. ಕತ್ತರಿಸುವಾಗ ರಟ್ಟಿನೊಳಗಿನ ಅಲೆಗಳು ಮೇಲಿಂದ ಕೆಳಗೆ ನಿಲ್ಲುವಂತೆ ನೋಡಿಕೊಂಡರೆ ಗೋಡೆ ಭಾರ ಹೊರುತ್ತದೆ, ಅಡ್ಡ ಮಲಗಿದರೆ ಕುಸಿಯುತ್ತದೆ. ಪುಸ್ತಕಗಳಂಥ ಭಾರದ ಸಾಮಾನಿಗೆ ತಳದಲ್ಲಿ ಎರಡು ಹಾಳೆಗಳನ್ನು ಅಲೆಗಳು ಒಂದಕ್ಕೊಂದು ಅಡ್ಡವಾಗುವಂತೆ ಅಂಟಿಸಬೇಕು. ಅಂಟಿಗೆ ಮೈದಾ ಇಲ್ಲವೆ ಹುಣಸೆಬೀಜದ ಹಿಟ್ಟನ್ನು ಕುದಿಸಿದ ಗಂಜಿ ಸಾಕು. ಹೊರಮೈಗೆ ಹಳೆಯ ಹತ್ತಿಬಟ್ಟೆಯ ಪಟ್ಟಿಯನ್ನು ಗಂಜಿಯಲ್ಲಿ ಅದ್ದಿ ಬಿಗಿಯಾಗಿ ಸುತ್ತಿದರೆ ಒಣಗಿದ ಮೇಲೆ ಪೆಟ್ಟಿಗೆ ಎರಡುಪಟ್ಟು ಗಟ್ಟಿಯಾದಂತೆ ಅನಿಸುತ್ತದೆ. ಅದರ ಮೇಲೆ ಕೆಮ್ಮಣ್ಣು, ಸುಣ್ಣ, ಇದ್ದಲು. ಚಿತ್ತಾರವೋ ರಂಗೋಲಿಯ ಎಳೆಯೋ ಮಾಡುವವರ ಇಷ್ಟ. ಪೇಟೆಯ ಬಿಳಿ ಗೋಂದಿನ ನಾಲ್ಕು ಹನಿ ಬಿದ್ದರೆ ಪ್ರಳಯವೇನೂ ಆಗದು. ಆದರೆ ಅದು ಪಾಲಿವಿನೈಲ್ ಅಸಿಟೇಟು, ಗಂಜಿಯಂತೆ ಹುಳುಗಳಿಗೆ ಜೀರ್ಣವಾಗುವುದಿಲ್ಲ ಎಂಬುದು ನೆನಪಿರಬೇಕು.

ಅರೆಮಲೆನಾಡಿನಲ್ಲಿ ಇದರ ನಿಜವಾದ ಶತ್ರುಗಳು ತೇವ ಮತ್ತು ಗೆದ್ದಲು. ಗಾಳಿಯ ತೇವ ನೂರಕ್ಕೆ ತೊಂಬತ್ತನ್ನು ಮುಟ್ಟಿದಾಗ ರಟ್ಟಿನ ಭಾರ ಹೊರುವ ಶಕ್ತಿ ಅರ್ಧಕ್ಕೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತದೆ. ನವಲಗುಂದದಲ್ಲಿ ವರ್ಷಗಟ್ಟಲೆ ನಿಲ್ಲುವ ಪೆಟ್ಟಿಗೆ ತಂಬೂರಿನಲ್ಲಿ ಆಷಾಢದ ಹೊತ್ತಿಗೆ ಸೊಂಟ ಬಾಗಿಸಬಹುದು. ನೆಲಕ್ಕೂ ಮಣ್ಣಿನ ಗೋಡೆಗೂ ತಾಗದಂತೆ ಹಲಗೆಯ ಮೇಲಿಡುವುದು, ಬಿಸಿಲು ಬಂದ ದಿನ ಬರಿದುಮಾಡಿ ಒಣಗಿಸುವುದು, ಒಳಗೆ ಬಜೆಯ ಬೇರಿನ ತುಂಡನ್ನೋ ಬೇವಿನೆಲೆಯನ್ನೋ ಹಾಕುವುದು ಒಳ್ಳೆಯದು. ಪುಸ್ತಕ ಕಟ್ಟುವವರು ಹುಳು ಬಾರದಿರಲೆಂದು ಗಂಜಿಗೆ ಮೈಲುತುತ್ತ ಬೆರೆಸುವುದುಂಟು. ಅಡಿಕೆಗೆ ಬೋರ್ಡೊ ದ್ರಾವಣ ಸಿಂಪಡಿಸುವವರಿಗೆ ಆ ನೀಲಿ ಹರಳಿನ ಪರಿಚಯವಿದ್ದೇ ಇದೆ. ಆದರೆ ಅದು ವಿಷ. ಮಕ್ಕಳು ಅಂಟಿಸುವ ಗಂಜಿಯಲ್ಲಿ ಅದಕ್ಕೆ ಎಡೆ ಇರಕೂಡದು. ಎಷ್ಟೇ ಜೋಪಾನ ಮಾಡಿದರೂ ರಟ್ಟಿನ ಪೆಟ್ಟಿಗೆ ಮಲೆನಾಡಿನ ಅಂಚಿನಲ್ಲಿ ಎರಡು ಮೂರು ಮಳೆಗಾಲ ಕಂಡರೆ ಅದೇ ದೊಡ್ಡದು. ಪ್ಲಾಸ್ಟಿಕ್ ಹೊದಿಸಿದರೆ ಹೆಚ್ಚು ಬಾಳುತ್ತದಲ್ಲ ಎಂಬ ವಾದ ಇಲ್ಲಿಯೇ ಹುಟ್ಟುವುದು. ಅದು ಬಾಳುವುದೂ ಇಲ್ಲ. ಹೊರಗೆ ಪ್ಲಾಸ್ಟಿಕ್ ಇದ್ದರೂ ಕತ್ತರಿಸಿದ ಅಂಚುಗಳಿಂದ ತೇವ ಒಳಸೇರಿ, ಹೊರಹೋಗಲು ದಾರಿಯಿಲ್ಲದೆ ರಟ್ಟು ಒಳಗೊಳಗೇ ಬೂಸು ಹಿಡಿಯುತ್ತದೆ.

ಇಷ್ಟೆಲ್ಲ ಚರ್ಚೆ ಒಂದು ರಟ್ಟಿನ ಡಬ್ಬಿಗೋ ಎಂದು ಚಳವಳಿಯ ಗೆಳೆಯರು ಕೇಳಬಹುದು. ಡಬ್ಬಿ ಅಂಟಿಸುವುದರಿಂದ ಕಾಡು ಉಳಿಯುತ್ತದೆಯೇ? ಉಳಿಯುವುದಿಲ್ಲ, ಮತ್ತು ಉಳಿಯುತ್ತದೆಂದು ಮಕ್ಕಳಿಗೆ ಹೇಳಲೂಬಾರದು. ಲೆಕ್ಕ ಹಾಕಿದರೆ ಸ್ವಚ್ಛವಾಗಿ ಒಣಗಿರುವ ಪೆಟ್ಟಿಗೆಯನ್ನು ಚಪ್ಪಟೆ ಮಾಡಿ ರದ್ದಿಯವನಿಗೆ ಕೊಡುವುದೇ ಅನೇಕ ಸಲ ಅತ್ಯುತ್ತಮ ಮಾರ್ಗ. ಅದು ಹುಬ್ಬಳ್ಳಿಯ ಮೋಡ್ಕಾ ಅಂಗಡಿಯನ್ನು ಹಾದು ಕಾರ್ಖಾನೆ ಸೇರಿ ಮತ್ತೆ ಪೆಟ್ಟಿಗೆಯಾಗುತ್ತದೆ. ಸೈಕಲ್ಲಿನ ಮೇಲೆ ರದ್ದಿ ಕೊಳ್ಳಲು ಬರುವವನು ಪರಿಸರಕ್ಕೆ ಮಾಡುವ ಉಪಕಾರ ಭಾಷಣಕಾರರು ಮಾಡುವುದಕ್ಕಿಂತ ಹೆಚ್ಚಿನದು. ಅವನೂ ಪ್ಲಾಸ್ಟಿಕ್ ಅಂಟಿಸಿದ ಪೆಟ್ಟಿಗೆಯನ್ನು ತೂಕಕ್ಕೆ ಹಾಕಿಕೊಳ್ಳಲು ಹಿಂಜರಿಯುತ್ತಾನೆ. ಒಂದು ಮನೆಗೆ ನಾಲ್ಕು ಜೋಡಿಕೆಪೆಟ್ಟಿಗೆ ಬೇಕಾಗಬಹುದು, ನಲವತ್ತಲ್ಲ. ಜೋಡಿಸಲು ಪೆಟ್ಟಿಗೆಗಳು ಹೆಚ್ಚಿದಷ್ಟೂ ಜೋಡಿಸಬೇಕಾದ ಸಾಮಾನುಗಳು ಹೆಚ್ಚುತ್ತವೆ ಎಂಬುದು ಕೊಳ್ಳುಬಾಕತನದ ಹಳೆಯ ಗುಟ್ಟು. ಬೇಕಾದಷ್ಟನ್ನು ಮನೆಗೂ ಶಾಲೆಗೂ ಬಳಸಿ ಉಳಿದುದನ್ನು ರದ್ದಿಗೆ ಬಿಡಬೇಕು. ನಲಿಕಲಿ ತರಗತಿಯ ಕಾರ್ಡುಗಳನ್ನು ಬೇರೆಬೇರೆಯಾಗಿ ಇಡಲು ಮಕ್ಕಳೇ ಮಾಡಿದ ರಟ್ಟಿನ ತಟ್ಟೆಗಳಿಗಿಂತ ಒಳ್ಳೆಯ ಉಪಯೋಗ ಯಾವುದಿದೆ?

ಚರ್ಚೆಗೆ ಅರ್ಹವಾಗಿರುವುದು ಮಕ್ಕಳ ಕಲಿಕೆ. ಜೂನ್ 5ರ ಪರಿಸರ ದಿನಕ್ಕೋ ಪ್ರತಿಭಾ ಪ್ರದರ್ಶನಕ್ಕೋ ‘ಕಸದಿಂದ ರಸ’ ಸ್ಪರ್ಧೆ ಇಡುವ ಶಾಲೆಗಳು, ಸಂಘಗಳು ತೀರ್ಪಿನ ಕ್ರಮವನ್ನು ಬದಲಿಸಿದರೆ ಅರ್ಧ ಕೆಲಸ ಆದಂತೆ. ಪ್ರತಿಯೊಂದು ವಸ್ತುವಿನ ಪಕ್ಕದಲ್ಲಿ ಒಂದು ಚೀಟಿ ಇರಲಿ. ಪೆಟ್ಟಿಗೆಯಲ್ಲಿ ಮೊದಲು ಏನಿತ್ತು, ಅಂಗಡಿಯಿಂದ ಏನೇನು ಕೊಂಡು ತರಲಾಯಿತು, ಎಷ್ಟು ರೂಪಾಯಿ ಆಯಿತು, ಹಳತಾದ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮಗುವೇ ಅದರಲ್ಲಿ ಬರೆಯಲಿ. ಏನನ್ನೂ ಕೊಳ್ಳದೆ ಮಾಡಿದ್ದಕ್ಕೆ ಹೆಚ್ಚು ಅಂಕ, ಥರ್ಮಾಕೋಲ್ ಹಚ್ಚಿದ್ದಕ್ಕೆ ಪ್ರವೇಶವೇ ಇಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪ್ರತಿ ಪೆಟ್ಟಿಗೆಯ ಒಂದು ಮೂಲೆಯನ್ನು ಕತ್ತರಿಸಿ ಶಾಲೆಯ ಹಿತ್ತಲಿನಲ್ಲಿ ಹೂತು, ಆರು ತಿಂಗಳ ಮೇಲೆ ಮಕ್ಕಳ ಎದುರಿಗೆ ಅಗೆದು ನೋಡಿ ಬಹುಮಾನ ನಿರ್ಧರಿಸಬಹುದು. ಕಾಯುವುದು ಮಕ್ಕಳಿಗೆ ಕಷ್ಟವೇ. ಆದರೆ ಆ ಅಗೆತದಲ್ಲಿ ಅವರು ಕಾಣುವುದನ್ನು ಯಾವ ಪಠ್ಯವೂ ಅಷ್ಟು ಸ್ಪಷ್ಟವಾಗಿ ಹೇಳಲಾರದು.

ಮನೆಯಲ್ಲಿ ಪೆಟ್ಟಿಗೆ ಸೋತ ದಿನ ಅದನ್ನು ಹರಿದು ನೀರಿನಲ್ಲಿ ನೆನೆಸಿ ತಿಪ್ಪೆಗುಂಡಿಗೆ ಹಾಕಬಹುದು. ರಟ್ಟಿನಲ್ಲಿ ಒಂದು ಪಾಲು ಸಾರಜನಕಕ್ಕೆ ಮುನ್ನೂರಕ್ಕೂ ಮಿಕ್ಕ ಪಾಲು ಇಂಗಾಲವಿದೆ. ಗೊಬ್ಬರ ಚೆನ್ನಾಗಿ ಕಳಿಯಲು ಇಪ್ಪತ್ತೈದರಿಂದ ಮೂವತ್ತು ಪಾಲು ತಕ್ಕುದು. ಆದುದರಿಂದ ಬರಿಯ ರಟ್ಟನ್ನೇ ತುಂಬಿದರೆ ಅದು ವರ್ಷವಾದರೂ ಹಾಗೇ ಕುಳಿತಿರುತ್ತದೆ. ಒಂದು ಪದರ ರಟ್ಟಿಗೆ ಅದರ ನಾಲ್ಕೈದು ಪಟ್ಟು ಸೆಗಣಿ, ಹಸಿಸೊಪ್ಪು ಬೇಕು. ಗಂಜಲ ಸಿಕ್ಕರೆ ಇನ್ನೂ ಒಳ್ಳೆಯದು. ಎರೆಗೊಬ್ಬರದ ತೊಟ್ಟಿ ಇರುವವರು ಒದ್ದೆ ರಟ್ಟನ್ನು ಮೇಲುಹೊದಿಕೆಯಾಗಿ ಹಾಸಿದರೆ ಹುಳುಗಳು ಅಲೆಗಳ ಸಂದಿಯಲ್ಲಿಯೇ ಸಂಸಾರ ಹೂಡುತ್ತವೆ. ಹೊಸದಾಗಿ ನೆಟ್ಟ ಮಾವಿನ ಸಸಿಯ ಬುಡದ ಸುತ್ತ, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟು ರಟ್ಟು ಹಾಸಿ ಮೇಲೆ ತರಗೆಲೆ ಹರಡಿದರೆ ಕಳೆ ಏಳುವುದಿಲ್ಲ, ತೇವವೂ ನಿಲ್ಲುತ್ತದೆ. ಗೆದ್ದಲಿನ ಕಾಟವಿರುವ ಜಾಗದಲ್ಲಿ ಮಾತ್ರ ಇದನ್ನು ಮಳೆಗಾಲ ಹಿಡಿದ ಮೇಲೆ ಮಾಡಬೇಕು, ಬೇಸಿಗೆಯಲ್ಲಿ ಅಲ್ಲ. ಕೆಮ್ಮಣ್ಣು, ಸುಣ್ಣಗಳ ಚಿತ್ತಾರವಿರುವ ಪೆಟ್ಟಿಗೆಯಿಂದ ಏನನ್ನೂ ಕೆರೆದು ತೆಗೆಯಬೇಕಾಗಿಲ್ಲ. ಹಾಗೆಯೇ ಹಾಕಬಹುದು.